ಟ್ಯಾಂಕಿನ ಪೆಟ್ರೋಲ್ ರಾತ್ರೋರಾತ್ರಿ ಎಲ್ಲಿ ಹೋಯಿತು?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಮುಂದಿನ ಅಂಗಳದ ಹುಲ್ಲು ಹೊಡೆಯಲು ತಳ್ಳಿಕೊಂಡು ಹೋಗುವ ಪೆಟ್ರೋಲ್ ಲಾನ್ ಮೋವರ್ ಇಟ್ಟುಕೊಂಡಿದ್ದೇವೆ. ತೆಗೆದುಕೊಂಡು ಎಂಟು ವರ್ಷ ಆಯಿತು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅದನ್ನು ಮುಟ್ಟಿರಲಿಲ್ಲ. ದಸರಾ ರಜೆಗೆ ಜನ ಬರುತ್ತಾರೆ ಅಂತ ಹೊರಗೆ ತೆಗೆದು ಪೆಟ್ರೋಲ್ ಹಾಕಿದೆವು. ಸ್ಟಾರ್ಟ್ ಏನೋ ಆಯಿತು, ಆದರೆ ಎಂಜಿನ್‌ಗೆ ಪೆಟ್ರೋಲ್, ಗಾಳಿ ಬೆರೆಸಿ ಕೊಡುವ ಕಾರ್ಬೊರೇಟರ್ ಕೆಳಗೆ ತೊಟ್ಟಿಕ್ಕಲು ಶುರುವಾಯಿತು. ಏರ್ ಫಿಲ್ಟರ್ ಕೂಡ ಒದ್ದೆ. ಮೆಕ್ಯಾನಿಕ್ ಒಬ್ಬರು ಬಂದು ಕೆಳಗಿನ ಬೋಲ್ಟ್ ಬಿಗಿ ಮಾಡಿದರು, ನಿಲ್ಲಲಿಲ್ಲ. ನಮ್ಮ ಭಾವ ಎಂ-ಸೀಲ್ ಮೆತ್ತಿದರು, ಸ್ವಲ್ಪ ಕಮ್ಮಿಯಾಯಿತು. ರಾತ್ರಿ ಮುಕ್ಕಾಲು ಟ್ಯಾಂಕ್ ಇದ್ದ ಪೆಟ್ರೋಲ್ ಬೆಳಿಗ್ಗೆ ತಳ ಕಂಡಿತ್ತು. ನೆಲದ ಮೇಲೆ ಮಾತ್ರ ಅಂಗೈ ಅಗಲದ ಕಲೆ. ಈಗ ಹಗ್ಗ ಎಳೆದರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹೊಸ ಕಾರ್ಬೊರೇಟರ್ ಹಾಕಿಸಿ ಅನ್ನುತ್ತಿದ್ದಾರೆ. ಹಾಕಿಸಲೇಬೇಕಾ? ಮಿಷನ್ ಈಗ ಬಚ್ಚಲ ಪಕ್ಕದ ಸೌದೆ ಕೊಟ್ಟಿಗೆಯಲ್ಲಿದೆ. ಅದರಿಂದೇನೂ ತೊಂದರೆ ಇಲ್ಲ ಅಲ್ವಾ?

ಉತ್ತರ: ಮೇಡಂ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ತೊಂದರೆ ಇದೆ. ಇದನ್ನು ಓದಿ ಮುಗಿಸುವ ಮೊದಲು ಎದ್ದು ಹೋಗಿ ಮಿಷನ್ನನ್ನು ಆ ಕೊಟ್ಟಿಗೆಯಿಂದ ಹೊರಗೆ ತೆಗೆಸಿ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆಯ ಹಾಗೆ ಮೇಲಕ್ಕೆ ಹೋಗುವುದಿಲ್ಲ, ನೀರಿನ ಹಾಗೆ ನೆಲ ಹಿಡಿದು ಹರಿಯುತ್ತದೆ. ಬಾಗಿಲ ಸಂದಿ, ಗೋಡೆ ಬುಡದ ಕಿಂಡಿ ಎಲ್ಲಿ ಸಿಕ್ಕರೂ ನುಗ್ಗುತ್ತದೆ. ಬಚ್ಚಲ ಒಲೆ ಇರುವುದೂ ನೆಲದ ಮಟ್ಟದಲ್ಲೇ. ನಮ್ಮ ಕಡೆ ಹಂಡೆ ಒಲೆಯ ಕೆಂಡ ಪೂರ್ತಿ ಆರುವುದು ಯಾವಾಗ ಹೇಳಿ? ರಾತ್ರಿ ಬೂದಿ ಮುಚ್ಚಿದ ಕೆಂಡ ಬೆಳಿಗ್ಗೆ ಊದಿದರೆ ಹತ್ತಿಕೊಳ್ಳುತ್ತದೆ. ಮಳೆಗಾಲದ ಚಳಿಗೆ ಪೆಟ್ರೋಲ್ ಆವಿಯಾಗುವುದಿಲ್ಲ ಅಂತಲೂ ಅಂದುಕೊಳ್ಳಬೇಡಿ. ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಅದು ಬೆಂಕಿ ಹಿಡಿಯುವಷ್ಟು ಆವಿ ಬಿಡುತ್ತದೆ. ಕೊಟ್ಟಿಗೆಹಾರದ ಮಂಜು ಅದಕ್ಕೆ ಯಾವ ಲೆಕ್ಕವೂ ಅಲ್ಲ.

ಹೊರಗೆ ತಂದ ಮೇಲೆ ಪೆಟ್ರೋಲ್ ಕಾಕ್ ಮುಚ್ಚಿ. ಕಾಕ್ ಇಲ್ಲದ ಮಾಡೆಲ್ ಆದರೆ ಉಳಿದ ಪೆಟ್ರೋಲನ್ನು ಟ್ಯಾಂಕಿನಿಂದ ತೆಗೆದುಬಿಡಿ. ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಿತ್ತು ದೂರ ಇಡಿ. ಇನ್ನು ಮೇಲೆ ಯಾರೂ ಹಗ್ಗ ಎಳೆಯಬಾರದು. ಮನೆಗೆ ಬಂದ ಹುಡುಗರು "ನಾನೊಂದು ಸಲ ನೋಡ್ತೀನಿ ಆಂಟಿ" ಅಂತ ತೋಳು ಮಡಚಿಕೊಂಡು ಬರುತ್ತಾರೆ. ಬಿಡಬೇಡಿ.

ಯಾಕೆ ಅಂದರೆ, ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ತೊಟ್ಟಿಕ್ಕಿದ ಪೆಟ್ರೋಲಲ್ಲ, ಕಾಣೆಯಾದ ಪೆಟ್ರೋಲ್. ಇಂಥ ಮೋವರ್‌ನ ಟ್ಯಾಂಕ್ ಒಂದು ಲೀಟರ್ ಆಸುಪಾಸು ಇರುತ್ತದೆ. ಮುಕ್ಕಾಲು ಟ್ಯಾಂಕ್ ಅಂದರೆ ಮುಕ್ಕಾಲು ಲೀಟರ್ ಹತ್ತಿರ. ಅಷ್ಟು ನೆಲಕ್ಕೆ ಬಿದ್ದಿದ್ದರೆ ಬರೀ ಅಂಗೈ ಅಗಲದ ಕಲೆ ಉಳಿಯುತ್ತಿರಲಿಲ್ಲ, ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ವಾಸನೆಗೆ ತಲೆ ತಿರುಗುತ್ತಿತ್ತು. ಒಂದಿಷ್ಟು ಆವಿಯಾಗಿ ಹೋಗಿರಬಹುದು. ಉಳಿದದ್ದು? ಹಗ್ಗ ಗಟ್ಟಿಯಾಗಿದೆ ಅಂತ ನೀವೇ ಬರೆದಿದ್ದೀರಿ. ಅದು ಎಂಜಿನ್ ಒಳಗೆ ಹೋಗಿದೆ.

ನಂಬಿಕೆ ಬರದಿದ್ದರೆ ಆಯಿಲ್ ಕಡ್ಡಿ ತೆಗೆದು ನೋಡಿ. ಒರೆಸಿ, ಮತ್ತೆ ಇಳಿಸಿ, ತೆಗೆಯಿರಿ. ಮಟ್ಟ ಮೇಲಿನ ಗೆರೆಯನ್ನೂ ದಾಟಿದೆಯಾ? ಆಯಿಲ್ ನೀರಿನ ಹಾಗೆ ತೆಳುವಾಗಿ ಜಾರಿ ಬೀಳುತ್ತಿದೆಯಾ? ಮೂಸಿ ನೋಡಿ. ಹಳೆ ಪೇಪರಿನ ಮೇಲೆ ಒಂದು ಹನಿ ಬಿಡಿ. ಒಳ್ಳೆ ಆಯಿಲ್ ಬಿದ್ದ ಜಾಗದಲ್ಲೇ ನಿಧಾನಕ್ಕೆ ಹಬ್ಬುತ್ತದೆ. ಪೆಟ್ರೋಲ್ ಸೇರಿದ್ದರೆ ನಡುವೆ ಕಪ್ಪು, ಸುತ್ತ ತೆಳು ಉಂಗುರ ಬೇಗ ಬೇಗ ಹರಡುತ್ತದೆ.

ಮನೆಯ ಫ್ಲಶ್ ಟ್ಯಾಂಕ್ ಗೊತ್ತಿದ್ದವರಿಗೆ ಕಾರ್ಬೊರೇಟರ್ ಗೊತ್ತಿದ್ದ ಹಾಗೇ. ಫ್ಲಶ್ ಟ್ಯಾಂಕಿನಲ್ಲಿ ಒಂದು ಬಾಲ್ ತೇಲುತ್ತಿರುತ್ತದೆ, ನೀರು ಏರಿದಂತೆ ಅದೂ ಏರಿ ವಾಲ್ವ್ ಮುಚ್ಚುತ್ತದೆ. ಕಾರ್ಬೊರೇಟರ್ ಕೆಳಗೆ ಬಟ್ಟಲಿನ ಹಾಗೆ ಕಾಣುವುದು ಬೌಲ್. ಅದರೊಳಗೆ ತೇಲುವುದು ಫ್ಲೋಟ್. ಫ್ಲೋಟ್ ಮೇಲೆ ಪೆನ್ಸಿಲ್ ಮೊನೆಯಂಥ ಒಂದು ನೀಡಲ್. ಪೆಟ್ರೋಲ್ ಏರಿದಾಗ ಫ್ಲೋಟ್ ಏರುತ್ತದೆ, ನೀಡಲ್ ಹೋಗಿ ಪೆಟ್ರೋಲ್ ಬರುವ ತೂತಿಗೆ, ಅಂದರೆ ಸೀಟಿಗೆ, ಕೂರುತ್ತದೆ, ಪೆಟ್ರೋಲ್ ನಿಲ್ಲುತ್ತದೆ. ಈ ನೀಡಲ್ ಸರಿಯಾಗಿ ಕೂರಲಿಲ್ಲ ಅಂದರೆ? ಟ್ಯಾಂಕ್ ಮೇಲಿದೆ, ಕಾರ್ಬೊರೇಟರ್ ಕೆಳಗಿದೆ. ಪಂಪ್ ಇಲ್ಲ, ಏನಿಲ್ಲ. ಟ್ಯಾಂಕ್ ಬರಿದಾಗುವ ತನಕ ಇಳಿಯುತ್ತಲೇ ಇರುತ್ತದೆ. ಬೌಲ್ ತುಂಬಿ, ನಡುವಿನ ಜೆಟ್ ಅನ್ನುವ ಸಣ್ಣ ತೂತಿನ ದಾರಿಯಿಂದ ಉಕ್ಕಿ, ಗಾಳಿ ಹೋಗುವ ಗಂಟಲಿಗೆ ಬರುತ್ತದೆ. ಅಲ್ಲಿಂದ ಎರಡೇ ದಾರಿ. ಒಂದು ಕಡೆ ಏರ್ ಫಿಲ್ಟರ್, ಇನ್ನೊಂದು ಕಡೆ ಎಂಜಿನ್. ಮಿಷನ್ ಯಾವ ಕಡೆ ವಾಲಿ ನಿಂತಿದೆಯೋ ಆ ಕಡೆಗೆ ಜಾಸ್ತಿ. ನಮ್ಮೂರುಗಳಲ್ಲಿ ಸಮತಟ್ಟು ಜಾಗ ಹುಡುಕುವುದೇ ಕಷ್ಟ, ಅದರಲ್ಲೂ ಸೌದೆ ಕೊಟ್ಟಿಗೆಯಲ್ಲಿ.

ಇನ್‌ಟೇಕ್ ವಾಲ್ವ್ ತೆರೆದು ನಿಂತಿದ್ದರೆ ಪೆಟ್ರೋಲ್ ಸೀದಾ ಸಿಲಿಂಡರ್‌ಗೆ. ಅಲ್ಲಿಂದ ಪಿಸ್ಟನ್ ರಿಂಗ್ ಸಂದಿಯಲ್ಲಿ ಇಳಿದು ಆಯಿಲ್‌ಗೆ. ಹಗ್ಗ ಹಿಡಿದುಕೊಳ್ಳುವುದು ಇದಕ್ಕೇ. ಗಾಳಿಯನ್ನು ಅದುಮಬಹುದು, ದ್ರವವನ್ನು ಅದುಮಲು ಆಗುವುದಿಲ್ಲ. ಬಲ ಹಾಕಿ ಎಳೆದರೆ ಕೈ ಉಳುಕುತ್ತದೆ, ಒಳಗೆ ಪಿಸ್ಟನ್ನನ್ನು ತಿರುಗುವ ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗುವುದೂ ಉಂಟು.

ನಿಮ್ಮ ಭಾವ ಎಂ-ಸೀಲ್ ಎಲ್ಲಿ ಮೆತ್ತಿದರು ಅಂತ ಬರೆದಿಲ್ಲ. ಹಲವು ಮಿಷನ್‌ಗಳಲ್ಲಿ ಫಿಲ್ಟರ್ ಡಬ್ಬಿಯ ಅಡಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ, ಉಕ್ಕಿದ್ದು ಹೊರಗೆ ಹೋಗಲಿ ಅಂತ ಬಿಟ್ಟದ್ದು. ಅದನ್ನು ಮುಚ್ಚಿದ್ದರೆ ಹೊರಗಿನ ದಾರಿ ಕಟ್ಟಿ ಒಳಗಿನ ದಾರಿಗೆ ತಿರುಗಿಸಿದ ಹಾಗಾಯಿತು. ಸೋರಿಕೆ "ಸ್ವಲ್ಪ ಕಮ್ಮಿ" ಆದದ್ದರ ಗುಟ್ಟು ಅದೇ ಇರಬಹುದು. ಭಾವನವರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಎಂ-ಸೀಲ್ ಮೆತ್ತಿದ ಕಾರ್ಬೊರೇಟರ್ ನನ್ನ ಅಂಗಡಿಗೆ ತಿಂಗಳಿಗೊಂದಾದರೂ ಬರುತ್ತದೆ, ಸೋಪು ಮೆತ್ತಿದ್ದೂ ಬಂದಿದೆ.

ಆಯಿಲ್ ನೋಡದೆ ಸ್ಟಾರ್ಟ್ ಮಾಡಿದರೆ ಏನಾಗುತ್ತದೆ ಅನ್ನುವುದನ್ನು ನಾನು ಕೈಯಿಂದ ದುಡ್ಡು ಹಾಕಿ ಕಲಿತವನು. ಕೆಲಸ ಶುರು ಮಾಡಿದ ಹೊಸತು. ಆಲ್ದೂರು ಕಡೆಯ ತೋಟವೊಂದರಿಂದ ಬೋರ್ಡೋ ಔಷಧಿ ಹೊಡೆಯುವ ಪಂಪಿನ ಎಂಜಿನ್ ಬಂದಿತ್ತು. ಇದೇ ದೂರು, ಪೆಟ್ರೋಲ್ ಓವರ್‌ಫ್ಲೋ. ನೀಡಲ್ ಬದಲಾಯಿಸಿದೆ, ಸೋರಿಕೆ ನಿಂತಿತು, ಖುಷಿಯಲ್ಲಿ ಸ್ಟಾರ್ಟ್ ಮಾಡಿ ಬಿಟ್ಟೆ. ಚಹಾ ಕುಡಿದು ಬರುವಷ್ಟರಲ್ಲಿ ಒಳಗೆ ಟಪ್ ಅಂತ ಸದ್ದು. ರಾಡ್ ತುಂಡಾಗಿ ಬ್ಲಾಕ್ ಒಡೆದಿತ್ತು. ಪೆಟ್ರೋಲ್ ಸೇರಿದ ಆಯಿಲ್‌ಗೆ ಜಿಡ್ಡೇ ಇರುವುದಿಲ್ಲ. ಈ ಸಣ್ಣ ಎಂಜಿನ್‌ಗಳಲ್ಲಿ ಅಲ್ಯೂಮಿನಿಯಂ ರಾಡ್ ನೇರವಾಗಿ ಕ್ರ್ಯಾಂಕ್ ಮೇಲೆ ತಿರುಗುವುದು ಸಾಮಾನ್ಯ, ನಡುವೆ ಇರುವುದು ಆಯಿಲ್ ಪದರ ಒಂದೇ. ಅದು ಹೋದರೆ ಎಲ್ಲ ಹೋಯಿತು. ಅವತ್ತಿನಿಂದ ಯಾವ ಎಂಜಿನ್ ಬಂದರೂ ನಾನು ಮೊದಲು ಮೂಸುವುದು ಆಯಿಲ್ ಕಡ್ಡಿಯನ್ನು. ಅಂಗಡಿ ಹುಡುಗರು ನಗುತ್ತಾರೆ, ನಗಲಿ.

ಸರಿ, ಈಗ ಸೋರಿಕೆಯ ಮೂಲ ಹುಡುಕೋಣ. ಒದ್ದೆ ಏರ್ ಫಿಲ್ಟರ್, ಖಾಲಿ ಟ್ಯಾಂಕ್, ಹಿಡಿದುಕೊಂಡ ಹಗ್ಗ, ಮೂರೂ ನೀಡಲ್ ಕಡೆಗೇ ಬೆರಳು ತೋರಿಸುತ್ತವೆ. ಆದರೂ ಕಣ್ಣಾರೆ ನೋಡದೆ ಬಿಚ್ಚಬೇಡಿ. ಪೆಟ್ರೋಲ್ ಒಂದು ಕಡೆ ಒಸರಿ, ಮೈಯೆಲ್ಲ ಹರಿದು, ಅತಿ ಕೆಳಗಿನ ಬೋಲ್ಟ್ ತುದಿಯಲ್ಲಿ ತೊಟ್ಟಿಕ್ಕುತ್ತದೆ. ನೋಡಿದವರು ಬೋಲ್ಟೇ ಸೋರುತ್ತಿದೆ ಅಂದುಕೊಂಡು ಬಿಗಿ ಮಾಡುತ್ತಾರೆ. ನಿಮ್ಮಲ್ಲಿ ಆಗಿದ್ದೂ ಅದೇ. ಬಿಗಿ ಮಾಡಿದಷ್ಟೂ ಸೋರಿಕೆ ನಿಲ್ಲುತ್ತದೆ ಅನ್ನುವುದು ನಲ್ಲಿಯ ವಿಷಯದಲ್ಲೇ ಸುಳ್ಳು, ಇಲ್ಲಂತೂ ದೊಡ್ಡ ಸುಳ್ಳು. ಕಾರ್ಬೊರೇಟರ್ ಮೈ ಮೆತ್ತಗಿನ ಲೋಹದ್ದು. ಜಾಸ್ತಿ ತಿರುಗಿಸಿದರೆ ಬೌಲ್ ತಳ ಒಳಕ್ಕೆ ತಗ್ಗುತ್ತದೆ, ಇಲ್ಲವೇ ಬೋಲ್ಟ್ ಕೂರುವ ಸುರುಳಿ ಗೆರೆ, ಅಂದರೆ ಮರೆ, ಕಿತ್ತು ಬರುತ್ತದೆ. ಮರೆ ಹೋದರೆ ಆಗ ನಿಜವಾಗಲೂ ಹೊಸ ಕಾರ್ಬೊರೇಟರೇ ಗತಿ.

ಹುಡುಕುವ ಉಪಾಯ ಸುಲಭ. ಬೆಂಕಿಯಿಂದ ದೂರ, ಬಯಲಲ್ಲಿ ಮಿಷನ್ನನ್ನು ಸಮವಾಗಿ ನಿಲ್ಲಿಸಿ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿ. ಕಾರ್ಬೊರೇಟರ್, ಪೈಪು, ಟ್ಯಾಂಕಿನ ಬುಡ ಎಲ್ಲವನ್ನೂ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಮೇಲೆ ಮುಖಕ್ಕೆ ಹಾಕುವ ಪೌಡರ್ ಸ್ವಲ್ಪ ಉದುರಿಸಿ. ಅಡಿಗೆ ಬಿಳಿ ರಟ್ಟು ಹಾಸಿ. ಟ್ಯಾಂಕಿಗೆ ಒಂದು ಲೋಟದಷ್ಟು ಪೆಟ್ರೋಲ್ ಹಾಕಿ ಕಾಕ್ ತೆರೆದು ಸುಮ್ನೆ ಕೂತು ನೋಡಿ. ಪೌಡರ್ ಮೊದಲು ಎಲ್ಲಿ ಒದ್ದೆಯಾಗಿ ಬಣ್ಣ ತಿರುಗುತ್ತದೋ ಅದೇ ಮೂಲ. ಬಿದ್ದ ಜಾಗ ಲೆಕ್ಕಕ್ಕಿಲ್ಲ, ಹೊರಟ ಜಾಗ ಮುಖ್ಯ. ಕಂಡ ಕೂಡಲೇ ಕಾಕ್ ಮುಚ್ಚಿಬಿಡಿ, ಮತ್ತಷ್ಟು ಒಳಗೆ ಹೋಗುವುದು ಬೇಡ.

ಫಿಲ್ಟರ್ ಕಡೆಯ ಗಂಟಲಿನಿಂದ ಬಂದರೆ ನೀಡಲ್ ಅಥವಾ ಫ್ಲೋಟ್. ಬೌಲ್ ಅಂಚಿನ ಸುತ್ತ ಬಂದರೆ ಪ್ಯಾಕಿಂಗ್, ಅಂದರೆ ಸಂದಿ ಮುಚ್ಚುವ ರಬ್ಬರ್ ಉಂಗುರ. ಬೋಲ್ಟ್ ಬುಡದಲ್ಲೇ ಒದ್ದೆಯಾಗಿ, ಮೇಲೆಲ್ಲ ಒಣಗಿದ್ದರೆ ಬೋಲ್ಟಿನ ವಾಶರ್. ಪೈಪಿನ ತುದಿಯಲ್ಲಿ ಬಂದರೆ ಪೈಪು ಸೀಳಿದೆ ಇಲ್ಲವೇ ಕ್ಲಿಪ್ ಸಡಿಲ. ಮಳೆಗಾಲ ಪೂರ್ತಿ ಸೌದೆ ಜೊತೆ ಇದ್ದ ಮಿಷನ್ ಆದ್ದರಿಂದ ಇಲಿ ಹಲ್ಲಿನ ಗುರುತನ್ನೂ ಹುಡುಕಿ. ಪೆಟ್ರೋಲ್ ಪೈಪು ಕಡಿಯುವುದರಲ್ಲಿ ಇಲಿಗೆ ಅದೇನು ರುಚಿಯೋ, ನನಗಂತೂ ಅರ್ಥವಾಗಿಲ್ಲ. ಪೈಪು ಬದಲಾಯಿಸುವುದಾದರೆ ಪೆಟ್ರೋಲ್‌ಗೆಂದೇ ಬರುವ ರಬ್ಬರ್ ಪೈಪ್ ಕೇಳಿ. ಮೇಸ್ತ್ರಿಗಳು ಮಟ್ಟ ನೋಡುವ ಆ ಪಾರದರ್ಶಕ ಲೆವೆಲ್ ಪೈಪ್ ತುಂಡು ಹಾಕಿದರೆ ಸ್ವಲ್ಪ ದಿನದಲ್ಲೇ ಕಡ್ಡಿಯ ಹಾಗೆ ಗಟ್ಟಿಯಾಗಿ ಬಿರುಕು ಬಿಡುತ್ತದೆ.

ಒಂದು ಮಾತು ಮರೆಯುವ ಮೊದಲು. ನಿಂತಾಗ ಸೋರದೆ, ಅಡಿಯ ಹುಲ್ಲು ಕೆರೆಯಲು ಮಗುಚಿದಾಗ ಮಾತ್ರ ಸೋರಿದರೆ ಅದು ಕಾಯಿಲೆಯೇ ಅಲ್ಲ. ವಾಲಿಸಿದ ಫ್ಲೋಟ್ ಕೆಲಸ ಮಾಡುವುದಿಲ್ಲ, ಅಷ್ಟೇ. ಮೋವರ್ ಮಗುಚುವಾಗ ಯಾವಾಗಲೂ ಏರ್ ಫಿಲ್ಟರ್ ಆಕಾಶದ ಕಡೆ ಇರಬೇಕು. ಹಳೆ ಬಜಾಜ್ ಸ್ಕೂಟರನ್ನು ಪಕ್ಕಕ್ಕೆ ವಾಲಿಸಿ ಕಿಕ್ ಹೊಡೆದವರಿಗೆ ಇದು ನೆನಪಿರುತ್ತದೆ, ವಾಲಿಸುತ್ತಿದ್ದದ್ದೇ ಪೆಟ್ರೋಲ್ ಉಕ್ಕಲಿ ಅಂತ.

ನಿಮ್ಮದು ನೀಡಲ್ಲೇ ಅಂತ ಇಟ್ಟುಕೊಂಡು ಮುಂದೆ ಹೋಗುತ್ತೇನೆ. ಹಳೆ ಕಾಲದ ಮೆಕ್ಯಾನಿಕ್ಕುಗಳು ಮೊದಲು ಮಾಡುತ್ತಿದ್ದದ್ದು ಸ್ಕ್ರೂ ಡ್ರೈವರ್ ಹಿಡಿಯಿಂದ ಬೌಲ್‌ಗೆ ಮೆಲ್ಲಗೆ ತಟ್ಟುವುದು. ಕಸ ಸಿಕ್ಕಿಕೊಂಡಿದ್ದರೆ ಜಾರಿ ಹೋಗುತ್ತದೆ, ಅಂಟಿಕೊಂಡ ಫ್ಲೋಟ್ ಬಿಡುತ್ತದೆ. ಎಷ್ಟೋ ಸಲ ಅಷ್ಟಕ್ಕೇ ನಿಲ್ಲುತ್ತದೆ. ಆದರೆ ನಿಂತಿತು ಅಂತ ಹಾಗೇ ಬಿಡಬೇಡಿ. ಆ ಕಸ ಬೌಲ್‌ನಲ್ಲೇ ಇರುತ್ತದೆ, ಮುಂದಿನ ವಾರ ಮತ್ತೆ ಅದೇ ಕಥೆ.

ಬಿಚ್ಚುವ ಮೊದಲು ಮೊಬೈಲಲ್ಲಿ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಅದರಲ್ಲೂ ಸ್ಪ್ರಿಂಗ್, ಸಣ್ಣ ಸರಳುಗಳು ಯಾವ ತೂತಿಗೆ ಸಿಕ್ಕಿವೆ ಅನ್ನುವುದು. ಕಾರ್ಬೊರೇಟರ್ ಹಿಂದೆ ಇರುವ ಪ್ಯಾಕಿಂಗ್‌ಗಳ ಫೋಟೋ ಬೇರೆ ತೆಗೆಯಿರಿ. ಒಂದೊಂದರಲ್ಲೂ ತೂತುಗಳು ಬೇರೆ ಬೇರೆ, ತಿರುಗಿಸಿ ಹಾಕಿದರೆ ಗಾಳಿಯ ದಾರಿ ಮುಚ್ಚಿಹೋಗುತ್ತದೆ. ಬೌಲ್ ಬೋಲ್ಟಿಗೆ ಹತ್ತರ ಸ್ಪ್ಯಾನರ್ ಸಾಮಾನ್ಯವಾಗಿ ಸಾಕು, ಕೆಲವು ಎಂಜಿನ್‌ಗಳಿಗೆ ಅರ್ಧ ಇಂಚಿನದು ಬೇಕು. ಅಡಿಗೆ ಸ್ಟೀಲ್ ತಟ್ಟೆ ಇಟ್ಟು, ಅದರೊಳಗೆ ಬಿಳಿ ಬಟ್ಟೆ ಹಾಸಿ ಬಿಚ್ಚಿ. ನೀಡಲ್ ಜೊತೆ ಬರುವ ಸ್ಪ್ರಿಂಗ್ ಎಳ್ಳಿಗಿಂತ ಸ್ವಲ್ಪ ದೊಡ್ಡದು. ಹುಲ್ಲಿನಲ್ಲಿ ಬಿದ್ದರೆ ಆ ಜನ್ಮಕ್ಕೆ ಸಿಗುವುದಿಲ್ಲ.

ಬೌಲ್ ಕೈಗೆ ಬಂದಾಗ ಒಳಗೆ ಏನಿದೆ ನೋಡಿ. ನಾಲ್ಕು ತಿಂಗಳು ನಿಂತ ಪೆಟ್ರೋಲ್ ಒಣಗಿ, ಹಲಸಿನ ಮೇಣದ ಹಾಗೆ ಕಂದು ಅಂಟು ಆಗಿರುತ್ತದೆ. ಜೊತೆಗೆ ಬಿಳಿ ಅಥವಾ ಹಸಿರು ಪುಡಿ ಕಂಡರೆ ಅದು ನೀರಿನ ಕೆಲಸ. ಇಲ್ಲಿ ಈಗಿನ ಪೆಟ್ರೋಲ್ ಬಗ್ಗೆ ಎರಡು ಮಾತು ಹೇಳಬೇಕು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಯಕ್ರಮದಲ್ಲೇ ಇ20 ಪೆಟ್ರೋಲ್ ಬಿಡುಗಡೆಯಾಯಿತು. ನೂರರಲ್ಲಿ ಇಪ್ಪತ್ತು ಭಾಗ ಎಥನಾಲ್. ಈಗ ಬಂಕಿನಲ್ಲಿ ಸಿಗುವುದು ಹೆಚ್ಚಾಗಿ ಅದೇ. ನಿಮ್ಮ ಎಂಟು ವರ್ಷದ ಮಿಷನ್ ಅದಕ್ಕಿಂತ ಹಳೆಯದು. ಆ ಕಾಲದ ಹೆಚ್ಚಿನ ಸಣ್ಣ ಎಂಜಿನ್‌ಗಳ ಪುಸ್ತಕದಲ್ಲಿ ಎಥನಾಲ್ ಹತ್ತು ಭಾಗ ಮೀರಬಾರದು ಅಂತ ಬರೆದಿರುತ್ತದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಜುಲೈ ತಿಂಗಳಲ್ಲಿ ನಮ್ಮ ಕಡೆ ಬೆಂಕಿಪೆಟ್ಟಿಗೆಯೇ ಹತ್ತುವುದಿಲ್ಲ, ಇನ್ನು ಪೆಟ್ರೋಲ್ ಗತಿ ಹೇಳಬೇಕಾ? ಹೀರಿದ ನೀರು ಒಂದು ಮಟ್ಟ ದಾಟಿದರೆ ಎಥನಾಲ್ ಸಮೇತ ಬೇರೆಯಾಗಿ ತಳ ಸೇರುತ್ತದೆ. ಕಾರ್ಬೊರೇಟರ್‌ಗೆ ಮೊದಲು ಇಳಿಯುವುದೂ ತಳದ್ದೇ. ಲೋಹ ತುಕ್ಕು ತಿನ್ನುತ್ತದೆ, ಹಳೆ ರಬ್ಬರ್ ಉಬ್ಬುತ್ತದೆ, ಒಣಗಿದಾಗ ಸುಕ್ಕಾಗುತ್ತದೆ. ಪೆಟ್ರೋಲನ್ನು ಬೈದು ಪ್ರಯೋಜನ ಇಲ್ಲ, ಅದನ್ನು ಮಿಷನ್ ಒಳಗೆ ತಿಂಗಳುಗಟ್ಟಲೆ ಬಿಟ್ಟದ್ದೇ ತಪ್ಪು.

ಫ್ಲೋಟನ್ನು ಹಿಡಿದಿರುವ ಸಣ್ಣ ಪಿನ್ ಪಕ್ಕಕ್ಕೆ ತಳ್ಳಿದರೆ ಜಾರಿ ಬರುತ್ತದೆ. ಫ್ಲೋಟ್ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಬುಳುಬುಳು ಸದ್ದು ಬಂದರೆ ತೂತಾಗಿ ಪೆಟ್ರೋಲ್ ಕುಡಿದಿದೆ, ಅದು ಮುಳುಗುತ್ತದೆಯೇ ಹೊರತು ತೇಲುವುದಿಲ್ಲ. ಸದ್ದಿಲ್ಲದಿದ್ದರೂ ಅನುಮಾನ ಇದ್ದರೆ ಬಿಸಿನೀರಿನ ಲೋಟದಲ್ಲಿ ಅದುಮಿ ಹಿಡಿಯಿರಿ. ಗುಳ್ಳೆ ಬಂದ ಕಡೆ ತೂತು. ನೀರನ್ನು ಒಳಗೆ ಕಾಯಿಸಿ ಹೊರಗೆ ತನ್ನಿ, ಫ್ಲೋಟನ್ನು ಒಲೆ ಹತ್ತಿರ ಒಯ್ಯಬೇಡಿ. ತೂತಾದ ಫ್ಲೋಟಿಗೆ ಅಂಟು ಹಾಕಿ ಉಪಯೋಗವಿಲ್ಲ, ಭಾರ ಜಾಸ್ತಿಯಾಗಿ ಮಟ್ಟ ತಪ್ಪುತ್ತದೆ.

ಈಗ ನೀಡಲ್. ಅದರ ಚೂಪು ತುದಿಯ ಮೇಲೆ ಉಗುರು ಆಡಿಸಿ. ನುಣ್ಣಗಿದ್ದರೆ ಸರಿ. ಉಂಗುರದ ಹಾಗೆ ಒಂದು ಗೆರೆ ಉಗುರಿಗೆ ತಾಗಿದರೆ ಸವೆದಿದೆ, ಬದಲಾಯಿಸಿ. ಎಂಟು ವರ್ಷದ ನೀಡಲ್ ಆದ್ದರಿಂದ ನಾನಾದರೆ ನೋಡದೆಯೇ ಬದಲಾಯಿಸುತ್ತೇನೆ. ಸೀಟಿನ ತೂತನ್ನು ಕಿವಿಗೆ ಹಾಕುವ ಹತ್ತಿ ಕಡ್ಡಿಗೆ ಕಾರ್ಬೊರೇಟರ್ ಕ್ಲೀನರ್ ಹಚ್ಚಿ ತಿರುಗಿಸಿ ಒರೆಸಿ. ಕಪ್ಪು ಬರುವುದು ನಿಲ್ಲುವ ತನಕ ಹೊಸ ಹೊಸ ಕಡ್ಡಿ. ಪಿನ್ನು, ಹೊಲಿಗೆ ಸೂಜಿ ಯಾವುದನ್ನೂ ಹಾಕಬೇಡಿ, ಒಂದು ಗೀರು ಬಿದ್ದರೂ ಹೊಸ ನೀಡಲ್ ಕೂಡ ಸೋರುತ್ತದೆ. ಜೆಟ್ ತೂತಿಗೆ ಕೂಡ ಸೂಜಿ ಬೇಡ. ಕರೆಂಟು ವೈರಿನ ಒಳಗಿನ ತಾಮ್ರದ ಒಂದು ಎಳೆ ಸಾಕು, ಅದು ಹಿತ್ತಾಳೆಗಿಂತ ಮೆತ್ತಗೆ. ಆಮೇಲೆ ಸೈಕಲ್ ಪಂಪಿನಿಂದ ಗಾಳಿ ಹೊಡೆಯಿರಿ, ಕಣ್ಣಿಗೆ ಕನ್ನಡಕ ಇರಲಿ.

ಬ್ರಿಗ್ಸ್ ಆಂಡ್ ಸ್ಟ್ರಾಟನ್ನಿನ ಹಲವು ಕಾರ್ಬೊರೇಟರ್‌ಗಳಲ್ಲಿ ಸೀಟೇ ಒಂದು ರಬ್ಬರ್ ಉಂಗುರ, ಅದನ್ನು ಕಿತ್ತು ಹೊಸದು ಹಾಕಬಹುದು. ಇನ್ನು ಕೆಲವದರಲ್ಲಿ ಸೀಟ್ ಮೈಗೆ ಒತ್ತಿ ಕೂರಿಸಿದ್ದು, ರಬ್ಬರ್ ಇರುವುದು ನೀಡಲ್ ತುದಿಗೆ. ಆ ಥರದ್ದರಲ್ಲಿ ಸೀಟ್ ತುಕ್ಕು ತಿಂದಿದ್ದರೆ ರಿಪೇರಿ ಕಷ್ಟ.

ಕೂರಿಸಿದ ಮೇಲೆ ಬೌಲ್ ಮುಚ್ಚುವ ಮೊದಲೇ ಒಂದು ಪರೀಕ್ಷೆ ಮಾಡಿ. ನೀಡಲ್ ಮತ್ತು ಫ್ಲೋಟ್ ಹಾಕಿ, ಕಾರ್ಬೊರೇಟರ್ ತಲೆಕೆಳಗು ಹಿಡಿಯಿರಿ. ಪೆಟ್ರೋಲ್ ಬರುವ ಬಾಯಿಗೆ ಒಂದು ಚೊಕ್ಕಟ ಪೈಪ್ ತುಂಡು ಹಾಕಿ ಮೆಲ್ಲಗೆ ಊದಿ. ಗಾಳಿ ಹೋಗಬಾರದು. ನೆಟ್ಟಗೆ ತಿರುಗಿಸಿ ಊದಿ. ಹೋಗಬೇಕು. ತಲೆಕೆಳಗಾದಾಗ ಸುಸ್ ಅಂತ ಸ್ವಲ್ಪ ಬಂದರೂ ಮತ್ತೆ ಒರೆಸಿ. ಊದುವುದು ಮಾತ್ರ, ಬಾಯಿಂದ ಎಳೆಯಬೇಡಿ. ತಲೆಕೆಳಗೇ ಹಿಡಿದಾಗ ಫ್ಲೋಟ್ ಸುಮಾರಾಗಿ ಕಾರ್ಬೊರೇಟರ್ ಅಂಚಿಗೆ ಸಮಾಂತರವಾಗಿ ಕಾಣಬೇಕು. ಒಂದು ಕಡೆ ಎದ್ದಿದ್ದರೆ ಏನೋ ತಪ್ಪಾಗಿ ಕೂತಿದೆ.

ಬೌಲ್ ಪ್ಯಾಕಿಂಗ್ ವಿಷಯದಲ್ಲಿ ತುಂಬ ಜನ ಮೋಸ ಹೋಗುತ್ತಾರೆ. ಬಿಚ್ಚುವಾಗ ಸರಿಯಾಗಿದ್ದ ಉಂಗುರ, ಹಾಕಲು ಹೋದರೆ ದೊಡ್ಡದಾಗಿ ನಿಂತಿರುತ್ತದೆ. ಪೆಟ್ರೋಲ್ ಕುಡಿದು ಉಬ್ಬಿದ್ದು ಅದು. ಬಲವಂತ ಮಾಡಿ ತುರುಕಿದರೆ ಒಂದು ಕಡೆ ಮಡಚಿ, ಅಲ್ಲೇ ಸೋರುತ್ತದೆ. ನೆರಳಲ್ಲಿ ಗಾಳಿಗೆ ಒಂದು ದಿನ ಬಿಟ್ಟರೆ ಎಷ್ಟೋ ಸಲ ಮೊದಲಿನ ಅಳತೆಗೆ ಬರುತ್ತದೆ. ಆದರೂ ಹೊಸದು ಹಾಕುವುದೇ ಒಳ್ಳೆಯದು. ಸಿಲಿಕಾನ್ ಪೇಸ್ಟ್ ಮಾತ್ರ ಬೇಡ. ಪೆಟ್ರೋಲಿನಲ್ಲಿ ಅದು ಉಬ್ಬಿ ಕಿತ್ತು, ಚೂರು ಚೂರಾಗಿ ಜೆಟ್‌ಗೆ ಹೋಗಿ ಕೂರುತ್ತದೆ. ಭಾವನವರ ಎಂ-ಸೀಲ್ ಕೂಡ ಹೀಗೆಯೇ, ಚೂರೂ ಬಿಡದೆ ಮರದ ಕಡ್ಡಿಯಲ್ಲಿ ಕೆರೆದು ತೆಗೆಯಿರಿ, ಚಾಕು ಬೇಡ.

ಇಷ್ಟೆಲ್ಲ ಮಾಡುವಾಗ ಟ್ಯಾಂಕ್ ಮುಚ್ಚಳವನ್ನೂ ಒಮ್ಮೆ ನೋಡಿ. ಅದರಲ್ಲಿ ಗಾಳಿಯಾಡಲು ಸಣ್ಣ ತೂತು ಇರುತ್ತದೆ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಅಂಥ ತೂತು ಅಂದರೆ ಪ್ರಾಣ. ಮುಚ್ಚಿಹೋದರೆ ಬಿಸಿಲಲ್ಲಿ ಟ್ಯಾಂಕ್ ಒಳಗೆ ಒತ್ತಡ ಏರಿ, ಒಳ್ಳೆ ನೀಡಲನ್ನೂ ತಳ್ಳಿ ಪೆಟ್ರೋಲ್ ಉಕ್ಕಿಸುತ್ತದೆ. ಇಂಥ ಸೋರಿಕೆ ಬೆಳಿಗ್ಗೆ ಇರುವುದಿಲ್ಲ, ಮಧ್ಯಾಹ್ನ ಇರುತ್ತದೆ. ಹುಡುಕುವವರಿಗೆ ತಲೆ ಕೆಡುತ್ತದೆ.

ಈಗ ಎಂಜಿನ್ ಒಳಗಿನ ಪೆಟ್ರೋಲ್. ಟ್ಯಾಂಕ್ ಖಾಲಿ ಮಾಡಿ, ಹಳೆ ಆಯಿಲ್ ಪೂರ್ತಿ ತೆಗೆಯಿರಿ. ಹಲವು ಮೋವರ್‌ಗಳಲ್ಲಿ ಆಯಿಲ್ ತುಂಬುವ ಬಾಯಿಂದಲೇ ಮಗುಚಿ ಸುರಿಯಬೇಕು. ಮಗುಚುವುದು ಬೇಡ ಅನಿಸಿದರೆ ದನಕ್ಕೆ ಔಷಧಿ ಕುಡಿಸುವ ದೊಡ್ಡ ಸಿರಿಂಜಿಗೆ ಪೈಪ್ ಸಿಕ್ಕಿಸಿ ಎಳೆಯಬಹುದು, ನಾನು ತೋಟಗಳಿಗೆ ಹೋದಾಗ ಹಾಗೇ ಮಾಡುವುದು. ಹಳೆ ಆಯಿಲನ್ನು ಬೇಲಿ ಗೂಟಕ್ಕೆ ಗೆದ್ದಲು ಬರದಿರಲಿ ಅಂತ ಹಚ್ಚುವ ಅಭ್ಯಾಸ ನಮ್ಮಲ್ಲಿದೆ. ಇದನ್ನು ಹಚ್ಚಬೇಡಿ, ಇದರಲ್ಲಿ ಪೆಟ್ರೋಲ್ ಇದೆ. ಮುಚ್ಚಳ ಇರುವ ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.

ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ. ಪ್ಲಗ್ ಕ್ಯಾಪನ್ನು ಒಣ ಬಟ್ಟೆಯಲ್ಲಿ ಸುತ್ತಿ ಹ್ಯಾಂಡಲ್ ಕಡೆಗೆ ದೂರ ಕಟ್ಟಿ. ಪ್ಲಗ್ ತೂತಿನ ಮುಂದೆ ಮುಖ ಇಡಬೇಡಿ, ಒಂದು ಹಳೆ ಬಟ್ಟೆ ಸಡಿಲವಾಗಿ ಮುಚ್ಚಿ. ಈಗ ಹಗ್ಗವನ್ನು ಮೆಲ್ಲಗೆ ಐದಾರು ಸಲ ಎಳೆಯಿರಿ. ಸಿಲಿಂಡರ್ ಒಳಗಿನ ಪೆಟ್ರೋಲ್ ಪುಸ್ ಅಂತ ಹೊರಗೆ ಹಾರುತ್ತದೆ. ಅದಕ್ಕೇ ಹತ್ತಿರದಲ್ಲಿ ಕಿಡಿ ಇರಬಾರದು ಅಂದದ್ದು. ಹಗ್ಗ ಹಗುರವಾದರೆ ಒಳಗೆ ಏನೂ ಮುರಿದಿಲ್ಲ ಅಂತ ಸಮಾಧಾನ ಪಡಬಹುದು. ಅರ್ಧ ಗಂಟೆ ಹಾಗೇ ಗಾಳಿಯಾಡಲು ಬಿಡಿ. ಪ್ಲಗ್ ಒಣಗಿಸಿ ಇಲ್ಲವೇ ಹೊಸದು ಹಾಕಿ. ಏರ್ ಫಿಲ್ಟರ್ ಪೇಪರಿನದಾದರೆ ಎಸೆಯಿರಿ. ಸ್ಪಂಜಿನದಾದರೆ ಸೋಪುನೀರಲ್ಲಿ ತೊಳೆದು ಒಣಗಿಸಿ.

ಹೊಸ ಆಯಿಲ್ ಪುಸ್ತಕದಲ್ಲಿ ಹೇಳಿದ ದರ್ಜೆಯದನ್ನೇ ಹಾಕಿ. ಈ ಎಂಜಿನ್‌ಗಳಿಗೆ ಹಿಡಿಯುವುದೇ ಅರ್ಧ ಲೀಟರ್ ಆಸುಪಾಸು, ಕಡ್ಡಿ ನೋಡಿಕೊಂಡು ನಿಧಾನಕ್ಕೆ ತುಂಬಿ. ಟ್ಯಾಂಕಿಗೆ ಒಂದು ಲೋಟ ಹೊಸ ಪೆಟ್ರೋಲ್ ಹಾಕಿ, ಕಾಕ್ ತೆರೆದು, ರಟ್ಟು ಹಾಸಿ ಅರ್ಧ ಗಂಟೆ ಕಾಯಿರಿ. ರಟ್ಟು ಒಣಗಿದ್ದು, ಆಯಿಲ್ ಕಡ್ಡಿಯ ಮಟ್ಟ ಏರಿರದಿದ್ದರೆ ಸ್ಟಾರ್ಟ್ ಮಾಡಿ. ಮೊದಲು ಸ್ವಲ್ಪ ಹೊತ್ತು ದಟ್ಟ ಬಿಳಿ ಹೊಗೆ ಬರುತ್ತದೆ, ಸೈಲೆನ್ಸರ್‌ನಲ್ಲಿ ಉಳಿದ ಆಯಿಲ್ ಸುಡುವುದು. ಗಾಬರಿ ಬೇಡ. ಎರಡು ಮೂರು ಗಂಟೆ ಕೆಲಸ ಮಾಡಿಸಿದ ಮೇಲೆ ಆಯಿಲ್ ಇನ್ನೊಂದು ಸಲ ಬದಲಾಯಿಸಿ. ದುಡ್ಡು ದಂಡ ಅನಿಸಬಹುದು, ಆದರೆ ಮೂಲೆಯಲ್ಲಿ ಉಳಿದ ಪೆಟ್ರೋಲ್ ಈ ಆಯಿಲ್‌ಗೂ ಸೇರಿರುತ್ತದೆ.

ನೀವು ಕೇಳಿದ್ದು ಹೊಸ ಕಾರ್ಬೊರೇಟರ್ ಬೇಕಾ ಅಂತ. ನೀಡಲ್ ಮತ್ತು ಪ್ಯಾಕಿಂಗ್ ಸೆಟ್ ಬದಲಾಯಿಸಿಯೂ ಸೋರಿದರೆ, ಒತ್ತಿ ಕೂರಿಸಿದ ಸೀಟ್ ತುಕ್ಕು ಹಿಡಿದಿದ್ದರೆ, ಬೋಲ್ಟಿನ ಮರೆ ಹೋಗಿದ್ದರೆ ಆಗ ಬೇಕು. ಅದಕ್ಕಿಂತ ಮೊದಲು ಬೇಡ. ತರಿಸುವುದಾದರೆ ಎಂಜಿನ್ ಮೇಲೆ ಕೆತ್ತಿದ ನಂಬರನ್ನು ಫೋಟೋ ತೆಗೆದು ಕಳಿಸಿ. ನೋಡಲು ಒಂದೇ ಥರ ಇದ್ದರೂ ಚೋಕ್ ಲಿವರ್ ಒಂದು ಕಡೆ, ಪೈಪ್ ಬಾಯಿ ಇನ್ನೊಂದು ಕಡೆ ಇರುವ ಕಾರ್ಬೊರೇಟರ್‌ಗಳು ಬೇಕಾದಷ್ಟಿವೆ. ಇದನ್ನು ಬಿಚ್ಚಿ ತೊಳೆಯಿರಿ ಅಂದರೆ ಈಗಿನ ಹೊಸ ಹುಡುಗರು ಹಿಂದೆ ಮುಂದೆ ನೋಡುತ್ತಾರೆ. ಅವರ ತಪ್ಪಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನುವ ಹೊಗೆ ನಿಯಮ ಬಂದ ಮೇಲೆ ಬೈಕುಗಳಲ್ಲಿ ಕಾರ್ಬೊರೇಟರ್ ಬದಲು ಇಂಜೆಕ್ಷನ್ ಬಂತು, ಕಾರ್ಬೊರೇಟರ್ ಕೈಯಲ್ಲಿ ಹಿಡಿಯುವ ಸಂದರ್ಭವೇ ಅವರಿಗೆ ಕಮ್ಮಿ. ನಿಮ್ಮೂರಲ್ಲಿ ಹಳೆ ಸ್ಕೂಟರ್ ರಿಪೇರಿ ಮಾಡುತ್ತಿದ್ದ ಹಿರಿಯರು ಯಾರಾದರೂ ಇದ್ದರೆ ಅವರನ್ನು ಕೇಳಿ.

ತೋಟದ ವೀಡ್ ಕಟ್ಟರ್ ಕೂಡ ಸೋರುತ್ತಿದೆ ಅಂತ ಇದೇ ಕ್ರಮ ಹಿಡಿಯಬೇಡಿ. ಅದನ್ನು ಹೇಗೆ ಬೇಕಾದರೂ ವಾಲಿಸಿ ಹಿಡಿಯುವುದರಿಂದ ಅದಕ್ಕೆ ಬೌಲೂ ಇಲ್ಲ, ಫ್ಲೋಟೂ ಇಲ್ಲ. ತೆಳು ರಬ್ಬರ್ ಪೊರೆಯೇ ನೀಡಲನ್ನು ಆಡಿಸುತ್ತದೆ. ಅಲ್ಲಿ ಹೆಚ್ಚಾಗಿ ಕೆಡುವುದು ಆ ಪೊರೆ, ಇಲ್ಲವೇ ಬೆರಳಿಂದ ಒತ್ತುವ ಪ್ರೈಮರ್ ಗುಳ್ಳೆ.

ಇನ್ನು ಇಡುವ ಜಾಗ. ಮುಂದಿನ ಜೂನ್‌ನಲ್ಲಿ ಕೊನೆಯ ಹುಲ್ಲು ಹೊಡೆದ ದಿನ ಎಂಜಿನ್ ಓಡುತ್ತಿರುವಾಗಲೇ ಕಾಕ್ ಮುಚ್ಚಿ, ತಾನಾಗಿ ನಿಲ್ಲುವ ತನಕ ಬಿಡಿ. ತಣ್ಣಗಾದ ಮೇಲೆ ಬೌಲ್ ತಳದ ಸ್ಕ್ರೂ ಸಡಿಲಿಸಿ ಉಳಿದ ಹನಿಗಳನ್ನು ಬಿಡಿ. ಟ್ಯಾಂಕಿನದನ್ನು ತೆಗೆದು ಅದೇ ವಾರ ಬೈಕಿಗೆ ಹಾಕಿ ಖರ್ಚು ಮಾಡಿ. ಆಮೇಲೆ ಮಿಷನ್ನನ್ನು ಕಾಫಿ ಕಣದ ಪಕ್ಕದ ಶೆಡ್ಡಿನಲ್ಲೋ, ಜೀಪು ನಿಲ್ಲಿಸುವ ಮಾಡಿನ ಕೆಳಗೋ ಇಡಿ. ಗೊಬ್ಬರದ ಚೀಲದ ಮೇಲೆ ಬೇಡ, ಒಲೆ ಇರುವ ಕಡೆ ಅಂತೂ ಬೇಡ. ಸದ್ಯಕ್ಕೆ ಆಯಿಲ್ ಕಡ್ಡಿ ಏನು ಹೇಳಿತು, ಪೌಡರ್ ಎಲ್ಲಿ ಒದ್ದೆಯಾಯಿತು, ಅಷ್ಟನ್ನು ಬರೆದು ಕಳಿಸಿ. ಅಲ್ಲಿಯ ತನಕ ಆ ಹಗ್ಗದ ಹಿಡಿಯನ್ನು ಹ್ಯಾಂಡಲ್‌ಗೆ ಕಟ್ಟಿಬಿಡಿ.